ಚೆನ್ನಮ್ಮನನ್ನು ಮಕ್ಕಳಿಗೆ ತೋರಿಸುವುದು ಹೇಗೆ?

ಹುಬ್ಬಳ್ಳಿಯಲ್ಲಿ ಚೆನ್ನಮ್ಮ ಸರ್ಕಲ್ ಅಂದರೆ ಬಸ್ಸು, ಆಟೋ, ಹಾರ್ನ್. ಕುದುರೆ ಮೇಲೆ ಕತ್ತಿ ಹಿಡಿದು ಕೂತವಳನ್ನು ಯಾರೂ ತಲೆ ಎತ್ತಿ ನೋಡುವುದಿಲ್ಲ, ನಾನೂ ಎಷ್ಟೋ ವರ್ಷ ನೋಡಿರಲಿಲ್ಲ.

ಮೊದಲು ಮಕ್ಕಳನ್ನು ಅಲ್ಲೇ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿ: ಈಕೆ ಯಾಕೆ ಯುದ್ಧ ಮಾಡಿದಳು? ಉತ್ತರ ಬರದಿದ್ದರೆ ಬೈಯಬೇಡಿ. ಕಿತ್ತೂರಿನ ದತ್ತು ಮಗನಿಗೆ ಪಟ್ಟ ಇಲ್ಲ ಅಂತ ಈಸ್ಟ್ ಇಂಡಿಯಾ ಕಂಪನಿಯವರು ತಕರಾರು ತೆಗೆದರು, ಅಲ್ಲಿಂದ ಶುರುವಾಯಿತು ಅಂತ ಸರಳವಾಗಿ ಹೇಳಿ.

ಮುಂದೆ ಧಾರವಾಡದಿಂದ ಕಿತ್ತೂರಿಗೆ ಹೋಗಿ, ಸುಮಾರು 30 ಕಿ.ಮೀ. ಅಷ್ಟೆ. ಬುತ್ತಿ ಕಟ್ಟಿಕೊಳ್ಳಿ, ರೊಟ್ಟಿ, ಶೇಂಗಾ ಚಟ್ನಿ ಸಾಕು. ಕೋಟೆಯ ಬಿದ್ದ ಗೋಡೆಗಳ ನಡುವೆ ಕೂತು ಪೂರ್ತಿ ಕಥೆ ಹೇಳಿ. 1824ರ ಅಕ್ಟೋಬರ್‌ನಲ್ಲಿ ಕಿತ್ತೂರು ಗೆದ್ದಿತು, ಕಂಪನಿಯ ಕಲೆಕ್ಟರ್ ಥ್ಯಾಕರೆ ಸತ್ತ. ನಾವು ಇಲ್ಲಿಗೇ ನಿಲ್ಲಿಸಿ ಜೈ ಅಂದುಬಿಡುತ್ತೇವೆ, ಅಲ್ವಾ? ನಿಲ್ಲಿಸಬೇಡಿ. ಯುದ್ಧ ನಿಲ್ಲಲಿ ಅಂತ ಸೆರೆ ಸಿಕ್ಕ ಇಬ್ಬರು ಕಂಪನಿ ಅಧಿಕಾರಿಗಳನ್ನು ಕಿತ್ತೂರಿನವರು ಬಿಟ್ಟುಕೊಟ್ಟರು, ಆದರೂ ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು, ರಾಣಿ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ಇಂದು ಯಾವುದೇ ದೇಶ ಕದನ ವಿರಾಮ ಅಂದಾಗ ಈ ಎರಡು ತಿಂಗಳು ನನಗೆ ನೆನಪಾಗುತ್ತವೆ.

ಥ್ಯಾಕರೆಯ ಸಮಾಧಿ ಧಾರವಾಡದಲ್ಲೇ ಇದೆ. ಅದನ್ನೂ ತೋರಿಸಿ, ಸುಮ್ನೆ ಬೈದು ಬರಬೇಡಿ.

ಇನ್ನೊಂದು ರಜೆ ಸಿಕ್ಕರೆ ಗದಗದ ಕಡೆ ನರಗುಂದದ ಗುಡ್ಡ ಹತ್ತಿಸಿ. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಅಲ್ಲಿನ ಅರಸ ಬಾಬಾಸಾಹೇಬರದ್ದೂ ದತ್ತಿನ ಜಗಳವೇ. ನೀರು ಜಾಸ್ತಿ ಒಯ್ಯಿರಿ.