ಲಂಟಾನ ಸವರಬೇಡಿ, ಬುಡಮೇಲು ಮಾಡಿ

ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಲ್ಲಿ ಹಬ್ಬಿದ ಪರದೇಶದ ಮುಳ್ಳುಪೊದೆ ಲಂಟಾನವನ್ನು ಕತ್ತಿಯಲ್ಲಿ ಸವರಿ ಕೈತೊಳೆದುಕೊಳ್ಳುವವರೇ ಹೆಚ್ಚು. ಮುಂದಿನ ಮಳೆಗಾಲಕ್ಕೆ ಒಂದು ಕೊಂಬೆ ಇದ್ದಲ್ಲಿ ಹತ್ತು ಚಿಗುರು. ಬೆಂಕಿ ಕೊಟ್ಟರೂ ಅಷ್ಟೇ: ಬುಡ ಬದುಕಿಕೊಳ್ಳುತ್ತದೆ, ಹೊನ್ನೆ, ಮತ್ತಿಯ ಎಳೆ ಸಸಿಗಳು ಬೂದಿಯಾಗುತ್ತವೆ. ಜೆಸಿಬಿಯಂತೂ ಬೇಡವೇ ಬೇಡ. ಕೆದರಿದ ಮಣ್ಣಿಗೆ ಬಿಸಿಲು ಬಿದ್ದು, ಹುದುಗಿದ್ದ ಬೀಜ ಮೊಳೆತು ನಿಲ್ಲುತ್ತದೆ.

ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ವಿಧಾನಕ್ಕೆ ಒಂದು ಪಿಕಾಸಿ, ಒಂದು ಕತ್ತಿ ಸಾಕು. ಮುಳ್ಳಿಗೆ ದಪ್ಪ ಕೈಗವಸು ಹಾಕಿಕೊಳ್ಳಿ. ಅರಣ್ಯ ಜಾಗವಾದರೆ ಮೊದಲು ಇಲಾಖೆಯವರ ಒಪ್ಪಿಗೆ ಪಡೆಯಿರಿ.

ಮಳೆ ಬಿಟ್ಟು ಮಣ್ಣಿನಲ್ಲಿ ಇನ್ನೂ ಪಸೆ ಇರುವಾಗ ಶುರು ಮಾಡಿ. ಹಣ್ಣಿನ ಗೊಂಚಲಿದ್ದರೆ ಅದನ್ನು ಮೊದಲೇ ಕೊಯ್ದು ಗೋಣಿಚೀಲಕ್ಕೆ ತುಂಬಿ.

ಈಗ ಎಲ್ಲರೂ ಎಡವುವ ಜಾಗ. ಬುಡದ ದರಕು (ಉದುರಿದ ಒಣ ಎಲೆ) ಸರಿಸಿದರೆ ಕಾಂಡ ಮಣ್ಣಿಗಿಳಿಯುವಲ್ಲಿ ದಪ್ಪ ಗಂಟು ಕಾಣುತ್ತದೆ. ಮರುಚಿಗುರು ಒಡೆಯುವುದು ಅಲ್ಲಿಂದಲೇ. ಅದರ ಕೆಳಗೆ, ನೆಲಮಟ್ಟದಿಂದ 3ರಿಂದ 5 ಸೆಂ.ಮೀ. ಆಳದಲ್ಲಿ ತಾಯಿಬೇರಿಗೆ ಪಿಕಾಸಿಯ ಅಗಲ ಬಾಯಿ ಓರೆಯಾಗಿ ಇಳಿಯಬೇಕು. ಕಿತ್ತ ಬುಡವನ್ನು ತಿರುಗಿಸಿ ನೋಡಿ: ಗಂಟು ಇಡಿಯಾಗಿ ಬಂದು, ಕೆಳಗೆ ತುಸು ಬೇರೂ ಅಂಟಿಕೊಂಡಿದ್ದರೆ ಸರಿ. ಗಂಟು ಸೀಳಿ ಅರ್ಧ ಮಣ್ಣಲ್ಲೇ ಉಳಿದಿದ್ದರೆ ಸವರಿದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ, ಇನ್ನೊಂದು ಏಟು ಹಾಕಿ. ಹಾಗೆಂದು ಪೂರ್ತಿ ಬೇರು ಅಗೆಯಬೇಡಿ. ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ. ನೆಲಕ್ಕೆ ತಾಗಿ ಬೇರುಬಿಟ್ಟ ಕೊಂಬೆ ಬೇರೆಯದೇ ಗಿಡವೆಂದು ಲೆಕ್ಕ, ಅದನ್ನೂ ಹೀಗೆಯೇ ಕೀಳಿ.

ಕಿತ್ತ ಪೊದೆಯನ್ನು ಬುಡ ಆಕಾಶ ನೋಡುವಂತೆ ಮಗುಚಿ ಒಣಗಲು ಬಿಡಿ. ಹಸಿ ಸೊಪ್ಪನ್ನು ಕೊಟ್ಟಿಗೆಗೆ ಹಾಸಬೇಡಿ. ದನ ತಿಂದರೆ ಪಿತ್ತಜನಕಾಂಗ ಕೆಟ್ಟು, ಬಿಸಿಲಿಗೆ ಚರ್ಮ ಸುಲಿಯುತ್ತದೆ.

ಕಳೆನಾಶಕ ಗ್ಲೈಫೋಸೇಟ್ ಹೊಡೆದರೆ ಸುಲಭವಲ್ಲವೇ ಎನ್ನುವವರಿದ್ದಾರೆ. ಅದಕ್ಕೆ ಲಂಟಾನ ಯಾವುದು, ನೆಲ್ಲಿ ಸಸಿ ಯಾವುದು ಎಂಬುದು ಗೊತ್ತಿಲ್ಲ. ಲಂಟಾನ ತಿನ್ನುವ ಹುಳು ಬಿಡುವ ಅಡ್ಡದಾರಿಯೂ ಆಗಿಹೋಗಿದೆ. 1941ರಲ್ಲಿ ಆಸ್ಟ್ರೇಲಿಯಾದಿಂದ ಡೆಹ್ರಾಡೂನಿಗೆ ತಂದ ಲಂಟಾನ ತಿಗಣೆ ಪರೀಕ್ಷೆಯಲ್ಲಿ ತೇಗದ ಹೂವಿಗೂ ಬಾಯಿ ಹಾಕಿತು. ಸಾಕಿದ್ದನ್ನು ನಾಶ ಮಾಡಿದರೂ ಅದು ಹೇಗೋ ತಪ್ಪಿಸಿಕೊಂಡು ಹರಡಿತು. ಲಂಟಾನ ಮಾತ್ರ ಇದ್ದಲ್ಲೇ ಇದೆ.

ಮುಂದಿನ ಎರಡು ವರ್ಷ ಮೊದಲ ಮಳೆ ಬಿದ್ದಾಗೊಮ್ಮೆ, ಮಳೆ ನಿಂತ ಮೇಲೊಮ್ಮೆ ಸುತ್ತು ಹಾಕಿ. ಮರದ ಕೆಳಗೇ ಹೆಚ್ಚು ಹುಡುಕಿ. ಹಣ್ಣು ತಿಂದ ಪಿಕಳಾರ ಹಕ್ಕಿ ಕೂತು ಬೀಜ ಹಾಕುವುದು ಅಲ್ಲೇ. ಸಸಿ ಎಳೆಯದಾಗಿದ್ದರೆ ಕೈಯಲ್ಲೇ ಕಿತ್ತು ಬರುತ್ತದೆ.

ತೆರವಾದ ಜಾಗ ಖಾಲಿ ಬಿಡದೆ ಊರಿನ ಹುಲ್ಲು, ನೆಲ್ಲಿ, ಮತ್ತಿ, ಹೊನ್ನೆ ಹಾಕಿ. ಬೇಗ ಬೆಳೆಯುತ್ತದೆಂದು ಅಕೇಶಿಯಾ ನೆಟ್ಟರೆ ಒಬ್ಬ ಪರದೇಶಿಯನ್ನು ಅಟ್ಟಿ ಇನ್ನೊಬ್ಬನಿಗೆ ಮಣೆ ಹಾಕಿದಂತೆ. ಸಸಿಗಳ ಸುತ್ತ ಚೆನ್ನಾಗಿ ಒಣಗಿದ ಲಂಟಾನದ ಮುಳ್ಳುಕಡ್ಡಿಯನ್ನೇ ಒಟ್ಟಿ, ದನದ ಕಾಟ ಕಡಿಮೆಯಾಗುತ್ತದೆ.