ಏಳಕ್ಕೇ ನಿಲ್ಲುತ್ತಿದ್ದ ವಿಎಂ ಹದಿನಾಲ್ಕಾದ ಕಥೆ: ಗೆಸ್ಟ್ ಮೆಮ್‌ಎಫ್‌ಡಿ ಜತೆ ನನ್ನ ಅನುಭವ

ಮೊನ್ನೆ 256 ಜಿಬಿ ಮೆಷಿನ್ ಮೇಲೆ ತಲಾ 16 ಜಿಬಿಯ 14 ಎಸ್‌ಎನ್‌ಪಿ ವಿಎಂಗಳು ಇಡೀ ರಾತ್ರಿ ಓಡಿದವು. ವಿಎಂ (ಗೆಸ್ಟ್) ಅಂದರೆ ಒಂದು ಮೆಷಿನ್ (ಹೋಸ್ಟ್) ಒಳಗೆ ಓಡುವ ವರ್ಚುವಲ್ ಕಂಪ್ಯೂಟರ್. ಅದರ ಮೆಮೊರಿಯನ್ನು ಹೋಸ್ಟ್ ಕೂಡ ಓದದಂತೆ, ತಿದ್ದದಂತೆ ಕಾಯುವ ಎಎಂಡಿ ಪ್ರೊಸೆಸರ್ ಸೌಲಭ್ಯ ಎಸ್‌ಎನ್‌ಪಿ. ಆ ಮೆಮೊರಿಯನ್ನು ಒದಗಿಸುವ ಲಿನಕ್ಸ್ ಸೌಲಭ್ಯ ಗೆಸ್ಟ್ ಮೆಮ್‌ಎಫ್‌ಡಿ. ಪ್ರತಿಯೊಂದರ ಒಳಗೂ ಮೆಮೊರಿಯನ್ನು ಪೂರ್ತಿ ತುಂಬಿಸಿ ಖಾಲಿ ಮಾಡುವ ಟೆಸ್ಟ್ ಹಾಕಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಓಓಎಂ (ಮೆಮೊರಿ ಮುಗಿಯುವುದು) ಇಲ್ಲ, ಪ್ಯಾನಿಕ್ (ಕರ್ನಲ್ ಕುಸಿಯುವುದು) ಇಲ್ಲ, ಲಾಗ್ ತಣ್ಣಗಿತ್ತು. ಆರು ತಿಂಗಳ ಹಿಂದೆ ಇಷ್ಟೇ ಮೆಮೊರಿಯ ಮೆಷಿನ್‌ನಲ್ಲಿ ಎಂಟನೇ ವಿಎಂ ಏಳುವ ಹೊತ್ತಿಗೆ ಓಓಎಂ ಕಿಲ್ಲರ್ ಬಂದು ಸಿಕ್ಕಿದ್ದನ್ನೆಲ್ಲ ಕೊಲ್ಲುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಜಂಬ ಇದ್ದರೆ ಸಹಿಸಿಕೊಳ್ಳಿ.

ಶುರು ಮಾಡಿದಾಗ ಯಾರಿಗೂ ನಂಬಿಕೆ ಇರಲಿಲ್ಲ. ಟೀಮಿನ ಹಿರಿಯರೊಬ್ಬರು ನೇರವಾಗಿಯೇ ಹೇಳಿದರು, "ಹಳೇ ಎಸ್‌ಇವಿ-ಇಎಸ್ ಇದೆಯಲ್ಲ ಮಾರಾಯ, ಪೇಜ್ ಎಲ್ಲಾ ಪಿನ್ ಮಾಡಿ ಕೂರಿಸಿದರೆ ಮುಗೀತು. ಈ ಗೆಸ್ಟ್ ಮೆಮ್‌ಎಫ್‌ಡಿ ಇನ್ನೂ ಹಸಿ. ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀಯ?" ಎಸ್‌ಇವಿ-ಇಎಸ್ ಅಂದರೆ ಎಸ್‌ಎನ್‌ಪಿಗಿಂತ ಹಿಂದಿನ ತಲೆಮಾರು, ಪಿನ್ ಅಂದರೆ ಪೇಜನ್ನು (ಮೆಮೊರಿಯ ತುಂಡನ್ನು) ಅಲುಗದಂತೆ ಹಿಡಿದಿಡುವುದು. ಅವರ ಮಾತಲ್ಲೂ ಹುರುಳಿತ್ತು. ಗೆಸ್ಟ್ ಮೆಮ್‌ಎಫ್‌ಡಿ ಲಿನಕ್ಸ್ 6.8ರಲ್ಲಿ, ಅಂದರೆ 2024ರ ಮಾರ್ಚ್‌ನಲ್ಲಿ, ಬಂದಿದ್ದಷ್ಟೇ. ಕೊಡುತ್ತಿದ್ದುದು 4 ಕೆಬಿ ಪೇಜ್ ಮಾತ್ರ. ಕೆವಿಎಂನಲ್ಲಿ (ಲಿನಕ್ಸ್‌ನಲ್ಲಿ ವಿಎಂ ಓಡಿಸುವ ಭಾಗ) ಎಸ್‌ಎನ್‌ಪಿ ಗೆಸ್ಟ್ ಓಡಿಸುವ ಕೋಡ್ 6.11ಕ್ಕೆ ಸೇರಿದ್ದು. ಅಲ್ಲಿಯವರೆಗೆ ಹೊರಗಿನ ಪ್ಯಾಚ್‌ಗಳನ್ನು ಹೊಲಿದುಕೊಂಡೇ ಕೆಲಸ. ಆದರೆ ಎಸ್‌ಇವಿ-ಇಎಸ್‌ನಲ್ಲಿ ಹೋಸ್ಟ್ ಗೆಸ್ಟಿನ ಪೇಜನ್ನು ಓದಿ ಅರ್ಥ ಮಾಡಿಕೊಳ್ಳಲಾರದು, ಅಷ್ಟೇ. ಹಳೆಯ ಸೈಫರ್ (ಗೂಢಲಿಪಿಯಾದ ಡೇಟಾ) ತಂದು ಮತ್ತೆ ಅದೇ ಜಾಗಕ್ಕೆ ಬರೆಯುವುದನ್ನು ಯಾರೂ ತಡೆಯುವುದಿಲ್ಲ. ನಮ್ಮ ಕೆಲಸಕ್ಕೆ ಅದು ಸಾಲುತ್ತಿರಲಿಲ್ಲ.

ಮೊದಲು ಕೈ ಸುಟ್ಟುಕೊಂಡಿದ್ದು ಬಾಡಿಗೆ ಮೆಷಿನ್‌ನಲ್ಲಿ. ಗಂಟೆ ಲೆಕ್ಕದ ಮಿಲಾನ್ (ಎಎಂಡಿಯ ಮೂರನೇ ತಲೆಮಾರಿನ ಎಪಿಕ್ ಪ್ರೊಸೆಸರ್) ಸರ್ವರ್, ಎಸ್‌ಎನ್‌ಪಿ ಇದೆ ಅಂತ ಹೇಳಿಯೇ ಕೊಟ್ಟಿದ್ದರು. ಕರ್ನಲ್ ಏಳಿಸಿದರೆ, ಆರ್‌ಎಂಪಿ ಟೇಬಲ್‌ಗೆ (ಯಾವ ಪೇಜ್ ಯಾರದು ಎಂಬ ಪಟ್ಟಿ) ಬಯಾಸ್ ಜಾಗವನ್ನೇ ಕಾದಿರಿಸಿಲ್ಲ ಎಂಬ ಒಂದು ಸಾಲು. ಪ್ರತಿ 4 ಕೆಬಿ ಪೇಜಿಗೆ 16 ಬೈಟ್ ಬೇಕು, 256 ಜಿಬಿಗೆ ಸುಮಾರು 1 ಜಿಬಿ ಆಗುತ್ತದೆ. ಅದನ್ನು ಬಯಾಸ್ ಮೊದಲೇ ಎತ್ತಿಡಬೇಕು. ಬಯಾಸ್ ಒಳಗೆ ಹೋಗಲು ನನಗೆ ಅನುಮತಿ ಇಲ್ಲ. ಪತ್ರ ಬರೆದೆ, ಮತ್ತೆ ಬರೆದೆ. ಎರಡು ವಾರ ಹೋಯಿತು. ಬಾಡಿಗೆ ಮಾತ್ರ ತಪ್ಪದೆ ಕಟ್ ಆಗುತ್ತಿತ್ತು. ಕೊನೆಗೆ ಬಯಾಸ್ ಬಿಟ್ಟುಕೊಡುವ ಇನ್ನೊಂದು ಕಡೆ ಹೋದೆ. ಗಂಟೆಗೆ ಅಲ್ಲಿ ಜಾಸ್ತಿ, ಆದರೂ ಅದೇ ಅಗ್ಗ.

ಹೊಸ ಜಾಗದಲ್ಲಿ ಆರ್‌ಎಂಪಿ ಕಾಣಿಸಿತು, ಎಸ್‌ಎನ್‌ಪಿ ಮಾತ್ರ ಏಳಲಿಲ್ಲ. ಫರ್ಮ್‌ವೇರ್ ಆವೃತ್ತಿ ನೋಡಿದೆ, ಎಎಸ್‌ಐಡಿ ಹಂಚಿಕೆ ನೋಡಿದೆ, ಕರ್ನಲ್ ಕಾನ್ಫಿಗ್ ಮೂರು ಸಲ ಬದಲಿಸಿದೆ. ಮೂರು ದಿನ. ತಪ್ಪು ಇದ್ದಿದ್ದು ಕರ್ನಲ್ ಕಮಾಂಡ್ ಲೈನ್‌ನಲ್ಲಿ. ಯಾವುದೋ ಕಾಲದಲ್ಲಿ ನೆಟ್‌ವರ್ಕ್ ವೇಗಕ್ಕೆಂದು ಐಒಎಂಎಂಯುವನ್ನು (ಸಾಧನಗಳು ಮೆಮೊರಿ ಮುಟ್ಟುವುದನ್ನು ಕಾಯುವ ಭಾಗ) ಪಾಸ್‌ಥ್ರೂ ಮಾಡಿ ಇಟ್ಟಿದ್ದೆ. ಆ ಮೋಡ್‌ನಲ್ಲಿ ಎಸ್‌ಎನ್‌ಪಿ ಆನ್ ಆಗುವುದೇ ಇಲ್ಲ. ಬೂಟ್ ಲಾಗಿನಲ್ಲಿ ಸ್ಪಷ್ಟವಾಗಿ ಬರೆದಿತ್ತು, ನಾನೇ ಓದಿರಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು.

ಇಷ್ಟಾದ ಮೇಲೆ ವಿಎಂ ಎದ್ದಿತು. ನಿಜವಾದ ಕಷ್ಟ ಶುರುವಾಗಿದ್ದು ಆಮೇಲೆ.

ನಮ್ಮದು ಸ್ವಂತ ವಿಎಂಎಂ (ವಿಎಂ ಏಳಿಸಿ ನಡೆಸುವ ಪ್ರೋಗ್ರಾಂ), ಚಿಕ್ಕದು, ಹಳೆಯದು. ಅದಕ್ಕೆ ಗೆಸ್ಟ್ ಮೆಮ್‌ಎಫ್‌ಡಿ ಜೋಡಿಸಿ, ಅಟ್ರಿಬ್ಯೂಟ್ ಎಲ್ಲಾ ಪ್ರೈವೇಟ್ ಮಾಡಿ ಬಿಟ್ಟಿದ್ದೆ. ಪ್ರೈವೇಟ್ ಅಂದರೆ ಗೆಸ್ಟ್‌ಗೆ ಮಾತ್ರ ಸೇರಿದ ಪೇಜ್, ಶೇರ್ಡ್ ಅಂದರೆ ಹೋಸ್ಟ್ ಕೂಡ ಬಳಸುವಂಥದ್ದು. ಟಾಪ್ ಕಮಾಂಡ್ ಹಾಕಿ ನೋಡಿದರೆ ಪ್ರತಿ ವಿಎಂ ಪ್ರೊಸೆಸ್ ಎದುರು ಸರಿಯಾಗಿ 16 ಜಿಬಿ. ಸರಿಯಾಗಿಯೇ ಇದೆ ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಆದರೂ ಎಂಟನೆಯದಕ್ಕೆ ಹೋಸ್ಟ್ ಮೆಮೊರಿ ಮುಗಿದುಹೋಗುತ್ತಿತ್ತು. ಏಳು ಹದಿನಾರಲೆ 112. ಉಳಿದ ನೂರು ಚಿಲ್ಲರೆ ಜಿಬಿ ಎಲ್ಲಿ ಹೋಯಿತು? ಒಂದು ವಾರ ಕರ್ನಲ್ ಒಳಗೆ ಲೀಕ್ ಹುಡುಕಿದೆ.

ಲೀಕ್ ಇರಲಿಲ್ಲ. ಆ 16 ಜಿಬಿ ಎಂಬ ಅಂಕಿಯೇ ಸುಳ್ಳು ಸಾಕ್ಷಿ. ಗೆಸ್ಟ್ ಮೆಮ್‌ಎಫ್‌ಡಿಯ ಪೇಜ್ ಯೂಸರ್‌ಸ್ಪೇಸ್‌ಗೆ ಮ್ಯಾಪ್ ಆಗಿರುವುದೇ ಇಲ್ಲ, ಹಾಗಾಗಿ ಪ್ರೊಸೆಸ್‌ನ ಆರ್‌ಎಸ್‌ಎಸ್ (ಪ್ರೊಸೆಸ್ ಹಿಡಿದಿರುವ ಮೆಮೊರಿ) ಲೆಕ್ಕಕ್ಕೆ ಬರುವುದಿಲ್ಲ. ಟಾಪ್ ತೋರಿಸುತ್ತಿದ್ದುದು ಶೇರ್ಡ್ ಕಡೆಯ ಮೆಮೊರಿಯನ್ನು. ಅದು ಹೆಚ್ಚುಕಮ್ಮಿ ಖಾಲಿ ಇರಬೇಕಿತ್ತು. ಎಸ್‌ಮ್ಯಾಪ್ಸ್ (ಒಂದೊಂದು ಮ್ಯಾಪಿಂಗ್‌ನ ಲೆಕ್ಕ) ತೆಗೆದು ಸಾಲು ಸಾಲಾಗಿ ನೋಡಿದೆ. ಗೆಸ್ಟ್ ರ‍್ಯಾಮ್‌ನ ಮ್ಯಾಪಿಂಗ್, ಆರ್‌ಎಸ್‌ಎಸ್ 16 ಜಿಬಿ. ಕೋಡ್‌ಗೆ ಹೋದರೆ ಎಂಮ್ಯಾಪ್ ಕರೆಯಲ್ಲಿ ಪಾಪ್ಯುಲೇಟ್ ಫ್ಲ್ಯಾಗ್ (ಪೇಜುಗಳನ್ನೆಲ್ಲ ಮೊದಲೇ ತಂದು ತುಂಬಿಸುವುದು) ಆರಾಮಾಗಿ ಕೂತಿದೆ. ವರ್ಷಗಳ ಹಿಂದೆ ಪೇಜ್ ಫಾಲ್ಟ್ ಉಳಿಸಲೆಂದು ನಾನೇ ಹಾಕಿದ್ದು. ಒಂದು ವಿಎಂಗೆ 16 ಪ್ರೈವೇಟ್, 16 ಶೇರ್ಡ್, ಒಟ್ಟು 32. ಎಂಟು ವಿಎಂಗೆ 256. ಲೆಕ್ಕ ಕೂಡಿತು.

ಅವತ್ತು ತಲೆಗೆ ಹೋಗಿದ್ದು ಇಷ್ಟು: ಇದು ಬೀಗ ಹಾಕಿದ ಒಂದು ಮೆಮೊರಿ ಅಲ್ಲ. ಒಂದೇ ವಿಳಾಸಕ್ಕೆ ಎರಡು ಮನೆ. ಗೆಸ್ಟ್ ಈಗ ಯಾವ ಮನೆಗೆ ಹೋಗಬೇಕು ಅಂತ ಕೆವಿಎಂ ಅಟ್ರಿಬ್ಯೂಟ್ ಹೇಳುತ್ತದೆ ಅಷ್ಟೇ. ಬಿಟ್ಟುಬಂದ ಮನೆಯನ್ನು ಖಾಲಿ ಮಾಡಿಸುವುದು ವಿಎಂಎಂ ಕೆಲಸ. ಯಾರೂ ನಮಗಾಗಿ ಮಾಡಿಕೊಡುವುದಿಲ್ಲ.

ಪಾಪ್ಯುಲೇಟ್ ತೆಗೆದೆ. ಹನ್ನೊಂದು ವಿಎಂ ತನಕ ಹೋಯಿತು, ಮತ್ತೆ ಓಓಎಂ. ಈ ಸಲ ಗೆಸ್ಟ್ ಪೇಜನ್ನು ಆಚೆ ಈಚೆ ಬದಲಿಸಿದಾಗಿನ ಕಸ. ಶೇರ್ಡ್‌ನಿಂದ ಪ್ರೈವೇಟ್‌ಗೆ ಹೋದಾಗ ಶೇರ್ಡ್ ಕಡೆಯನ್ನು ಮ್ಯಾಡ್‌ವೈಸ್ ಡೋಂಟ್‌ನೀಡ್ ಹೇಳಿ ಬಿಡಿಸುತ್ತಿದ್ದೆ. ಆರ್‌ಎಸ್‌ಎಸ್ ಇಳಿಯುತ್ತಿತ್ತು, ಖುಷಿಯಾಗುತ್ತಿತ್ತು, ಹೋಸ್ಟ್‌ನಲ್ಲಿ ಫ್ರೀ ಮೆಮೊರಿ ಮಾತ್ರ ಏರುತ್ತಿರಲಿಲ್ಲ. ವಿಹೋಸ್ಟ್‌ಗೋಸ್ಕರ (ಗೆಸ್ಟ್‌ನ ನೆಟ್‌ವರ್ಕ್, ಡಿಸ್ಕ್ ಕೆಲಸವನ್ನು ಹೊರಗಿನಿಂದ ಮಾಡುವ ಭಾಗ) ಶೇರ್ಡ್ ಕಡೆಯನ್ನು ಮಾಮೂಲಿ ಮೆಮ್‌ಎಫ್‌ಡಿ (ಮೆಮೊರಿಯಲ್ಲೇ ಇರುವ ಫೈಲ್) ಮೇಲೆ ಕಟ್ಟಿದ್ದೆ ನೋಡಿ. ಅಲ್ಲಿ ಡೋಂಟ್‌ನೀಡ್ ಮ್ಯಾಪಿಂಗ್ ಮಾತ್ರ ಕಿತ್ತುಹಾಕುತ್ತದೆ, ಪೇಜ್ ಫೈಲ್‌ನಲ್ಲೇ ಉಳಿಯುತ್ತದೆ. ಎಫ್‌ಅಲೊಕೇಟ್‌ನಲ್ಲಿ ಪಂಚ್ ಹೋಲ್ (ಫೈಲ್‌ನಿಂದಲೇ ಪೇಜ್ ಕಿತ್ತು ಬಿಡಿಸುವುದು) ಮಾಡಿದರೇ ವಾಪಸ್. ಟಾಪ್ ನನಗೆ ಎರಡನೇ ಸಲ ಟೋಪಿ ಹಾಕಿತ್ತು. ಈಗ ಆರ್‌ಎಸ್‌ಎಸ್ ನೋಡುವುದನ್ನೇ ಬಿಟ್ಟಿದ್ದೇನೆ.

ಇನ್ನು ಆರ್ಡರ್. ಪ್ರೈವೇಟ್‌ನಿಂದ ಶೇರ್ಡ್‌ಗೆ ಹೋಗುವಾಗ ಮೊದಲು ಅಟ್ರಿಬ್ಯೂಟ್ ಬದಲಿಸಿ, ಆಮೇಲೆ ಪಂಚ್ ಮಾಡಬೇಕು. ನಾನು ಉಲ್ಟಾ ಮಾಡಿದ್ದೆ. ಪಂಚ್ ಆಗಿದೆ, ಅಟ್ರಿಬ್ಯೂಟ್ ಇನ್ನೂ ಪ್ರೈವೇಟ್. ಆ ಸಂದಿಯಲ್ಲಿ ಇನ್ನೊಂದು ವಿಸಿಪಿಯು (ಗೆಸ್ಟ್‌ನ ವರ್ಚುವಲ್ ಪ್ರೊಸೆಸರ್) ಅಲ್ಲಿ ಕೈಯಿಟ್ಟರೆ ಕೆವಿಎಂ ವಿಧೇಯವಾಗಿ ಹೊಸ ಪ್ರೈವೇಟ್ ಪೇಜ್ ತಂದು ಕೂರಿಸುತ್ತದೆ. ಅದು ಅಲ್ಲೇ ಉಳಿಯುತ್ತದೆ. ನೂರರಲ್ಲಿ ಒಂದು ಸಲ ಆಗುವ ತೊಂದರೆ ಇದು, ಹಾಗಾಗಿ ಸಿಕ್ಕಿಬೀಳಲು ತುಂಬಾ ದಿನ ಬೇಕಾಯಿತು.

ಪ್ರತಿ ಬದಲಾವಣೆಗೂ ತಕ್ಷಣ ಪಂಚ್ ಮಾಡಿದರೆ ವೇಗ ಹೋಗುತ್ತದೆ. ಕೆಲವು ಪೇಜ್ ಹೋಗಿ ಹತ್ತು ಮಿಲಿಸೆಕೆಂಡ್‌ನಲ್ಲಿ ವಾಪಸ್ ಬರುತ್ತವೆ. ಅದಕ್ಕೆ ತಡ ಮಾಡಿ, ಗುಂಪು ಮಾಡಿ ಪಂಚ್ ಮಾಡುತ್ತೇನೆ. ಗೆಸ್ಟ್ ಬಿಟ್ಟುಕೊಡುವ ಮುಂಚೆ ತಾನೇ ಪಿವ್ಯಾಲಿಡೇಟ್ (ಪೇಜ್ ತನ್ನದೆಂಬ ಒಪ್ಪಿಗೆ) ಹಿಂತೆಗೆದಿರುತ್ತದೆ, ಆದ್ದರಿಂದ ಅದೇ ಪೇಜ್ ಮತ್ತೆ ಕೊಟ್ಟರೂ ತೊಂದರೆ ಇಲ್ಲ. ಎಷ್ಟು ಹೊತ್ತು ಕಾಯಬೇಕು, ಯಾವುದನ್ನು ಕಾಯದೇ ಕೊಯ್ಯಬೇಕು ಎನ್ನುವ ಲೆಕ್ಕ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮೂರು ವಾರದ ಬಾಡಿಗೆ ಅದರ ಮೇಲೇ ಹೋಗಿದೆ.

ಇಲ್ಲಿಗೆ ನಿಲ್ಲಿಸಿದ್ದರೆ ಜಾಣ ಅನ್ನಿಸಿಕೊಳ್ಳುತ್ತಿದ್ದೆ. ಆದರೆ ಪ್ರೈವೇಟ್ ಪೇಜ್ ಕೊಡುವಾಗ ಕರ್ನಲ್ ತನ್ನ ಡೈರೆಕ್ಟ್ ಮ್ಯಾಪ್ ಅನ್ನು (ಹೋಸ್ಟ್ ಮೆಮೊರಿ ಮುಟ್ಟಲು ಕರ್ನಲ್ ಇಟ್ಟುಕೊಂಡ ನಕ್ಷೆ) 4 ಕೆಬಿ ಚೂರುಗಳಾಗಿ ಒಡೆಯುವುದು ಕಣ್ಣಿಗೆ ಬಿತ್ತು. ಟಿಎಲ್‌ಬಿಗೆ (ಪ್ರೊಸೆಸರ್ ವಿಳಾಸಗಳನ್ನು ನೆನಪಿಡುವ ಜಾಗ) ಹೊರೆ, ಯಾಕೆ ಬೇಕು ಅಂದುಕೊಂಡು ಆ ಒಡೆಯುವ ಭಾಗ ಕಿತ್ತು ಸ್ವಂತ ಪೇಜ್ ಪೂಲ್ ಬರೆದೆ. ಒಂದು ಗಂಟೆ ಚೆನ್ನಾಗಿ ಓಡಿತು. ಆಮೇಲೆ ಹೋಸ್ಟ್ ಪ್ಯಾನಿಕ್. ಟ್ರೇಸ್ ನೋಡಿದರೆ ನೆಟ್‌ವರ್ಕ್ ಡ್ರೈವರ್. ಮತ್ತೆ ಏಳಿಸಿದೆ, ಈ ಸಲ ಫೈಲ್‌ಸಿಸ್ಟಂ. ಮೂರನೇ ಸಲ ಇನ್ನೆಲ್ಲೋ. ನಾಲ್ಕು ದಿನ ಡ್ರೈವರ್‌ಗೆ ಬೈದೆ.

ಪೇಜ್ ಫಾಲ್ಟ್ ಎರರ್ ಕೋಡ್‌ನಲ್ಲಿ 31ನೇ ಬಿಟ್ ಏರಿರುವುದನ್ನು ಕೊನೆಗೆ ಗಮನಿಸಿದೆ. ಆರ್‌ಎಂಪಿ ಫಾಲ್ಟ್. ಡ್ರೈವರ್ ಬರೆದಿದ್ದು ತನ್ನದೇ ಪೇಜಿಗೆ, ತಪ್ಪೇನಿಲ್ಲ. ಆದರೆ ಆ ಬರವಣಿಗೆ ಹೋಗಿದ್ದು 2 ಎಂಬಿ ಮ್ಯಾಪಿಂಗ್ ಮೂಲಕ. ಆ 2 ಎಂಬಿಯ 512 ಪೇಜುಗಳಲ್ಲಿ ಒಂದೇ ಒಂದು ಪ್ರೈವೇಟ್ ಆಗಿದ್ದರೂ ಪ್ರೊಸೆಸರ್ ಬಿಡುವುದಿಲ್ಲ. ಕರ್ನಲ್ ಬರೆದವರು ಸುಮ್ನೆ ಒಡೆಯುತ್ತಿರಲಿಲ್ಲ! ಒಂದೊಂದು ಪ್ಯಾನಿಕ್‌ಗೂ ಆ ಸರ್ವರ್ ಮತ್ತೆ ಏಳಲು ಏಳೆಂಟು ನಿಮಿಷ. ದಿನಕ್ಕೆ ಮೂವತ್ತು ಸಲ ಬೀಳಿಸಿದರೆ ನಾಲ್ಕು ಗಂಟೆಯ ಬಾಡಿಗೆ ಬರೀ ಬಯಾಸ್ ಪರದೆ ನೋಡುವುದಕ್ಕೆ.

ಪೂಲ್ ಬಿಡಲಿಲ್ಲ, ಬದಲಿಸಿದೆ. ಈಗ 2 ಎಂಬಿಗೆ ಸರಿಯಾಗಿ ಅಲೈನ್ ಆದ ಇಡೀ ತುಂಡನ್ನೇ ಎತ್ತಿ, ಆರ್‌ಎಂಪಿಯಲ್ಲೂ 2 ಎಂಬಿ ಎಂಟ್ರಿಯಾಗಿಯೇ ಒಬ್ಬ ಗೆಸ್ಟ್‌ಗೆ ಕೊಡುತ್ತೇನೆ. ಅದರೊಳಗೆ ಹೋಸ್ಟ್‌ನ ಪೇಜ್ ಒಂದೂ ಇರುವುದಿಲ್ಲ, ಹಾಗಾಗಿ 2 ಎಂಬಿ ಮ್ಯಾಪ್ ಒಡೆಯಬೇಕಿಲ್ಲ. 1 ಜಿಬಿ ಮ್ಯಾಪ್ ಇದ್ದರೆ ಅದನ್ನು 2 ಎಂಬಿಗೆ ಒಡೆಯಲೇಬೇಕು, ಅಲ್ಲಿ ಚೌಕಾಶಿ ಇಲ್ಲ. ಗೆಸ್ಟ್ ಮಧ್ಯದ ಒಂದು 4 ಕೆಬಿ ಮಾತ್ರ ವಾಪಸ್ ಕೊಟ್ಟರೆ ಪಿಸ್ಮ್ಯಾಶ್ ಮಾಡಿ ಚೂರು ಮಾಡುವುದು, ಮ್ಯಾಪ್ ಒಡೆಯುವುದು ಎಲ್ಲಾ ಇದ್ದೇ ಇದೆ. ಆದರೆ ಅಂಥವು ಕಡಿಮೆ. ಮೆಮೊರಿ ಹೆಚ್ಚು ತಿರುಗಾಡುವ ಟೆಸ್ಟ್‌ನಲ್ಲಿ ನೂರಕ್ಕೆ ಎಂಟೋ ಹತ್ತೋ ಲಾಭ ಬಂತು ಅಂತ ನೆನಪು.

ಈ ಮಧ್ಯೆ ಸುಮ್ನೆ ಕುತೂಹಲಕ್ಕೆ ಒಂದು ಚಿಕ್ಕ ಮಾಡ್ಯೂಲ್ ಬರೆದು ಹೋಸ್ಟ್‌ನಿಂದ ಪ್ರೈವೇಟ್ ಪೇಜ್ ಓದಿದೆ. ಎಸ್‌ಎನ್‌ಪಿಯಲ್ಲಿ ಹೋಸ್ಟ್ ಬರೆದರೆ ಫಾಲ್ಟ್, ಓದಿದರೆ ಸೈಫರ್ ಸಿಗುತ್ತದೆ. ಗೆಸ್ಟ್ ಒಳಗೆ ಎರಡು ಪೇಜಿಗೆ ಒಂದೇ ಅಕ್ಷರ ತುಂಬಿಸಿದರೂ ಹೊರಗೆ ಎರಡೂ ಬೇರೆ ಬೇರೆ ಕಾಣುತ್ತವೆ, ಯಾಕೆಂದರೆ ವಿಳಾಸವೂ ಲೆಕ್ಕಕ್ಕೆ ಸೇರುತ್ತದೆ. ಆದರೆ ಅದೇ ಪೇಜಿಗೆ ಅದೇ ಅಕ್ಷರ ಮತ್ತೆ ಬರೆದರೆ ಅದೇ ಸೈಫರ್. ಓದಿ ಗೊತ್ತಿದ್ದ ವಿಷಯವೇ. ಆದರೂ ಮಿಲಾನ್ ಮೇಲೆ ಕಣ್ಣಾರೆ ನೋಡಿದಾಗ ಸ್ವಲ್ಪ ಮೈ ಜುಮ್ ಅಂದಿತು.

ಬೂಟ್ ಹೊತ್ತಿನ ಬಗ್ಗೆ ಎರಡು ಮಾತು. ಗೆಸ್ಟ್‌ನಲ್ಲಿ ಮೆಮೊರಿಯನ್ನು ಲೇಜಿಯಾಗಿ ಒಪ್ಪಿಕೊಳ್ಳುವ ಕಾನ್ಫಿಗ್ ಹಾಕಿ. ಎಲ್ಲವನ್ನೂ ಮೊದಲೇ ಒಪ್ಪಿಕೊಂಡರೆ 16 ಜಿಬಿಗೆ ನನಗೆ ಒಂಬತ್ತು ಸೆಕೆಂಡ್ ಆಸುಪಾಸು ಹಿಡಿಯುತ್ತಿತ್ತು, ಲೇಜಿ ಆದಮೇಲೆ ಎರಡೋ ಮೂರೋ. ಸ್ವಿಯೋಟಿಎಲ್‌ಬಿ (ಸಾಧನಗಳ ಜತೆ ಡೇಟಾ ಸಾಗಿಸುವ ನಡುವಿನ ಬಫರ್) ಗೆಸ್ಟ್ ಮೆಮೊರಿಯ 6% ತಿನ್ನುತ್ತದೆ, ಗರಿಷ್ಠ 1 ಜಿಬಿ. ಅದೆಲ್ಲ ಶೇರ್ಡ್ ಕಡೆ. ಹೋಸ್ಟ್ ಎಷ್ಟು ವಿಎಂ ಹೊರುತ್ತದೆ ಅಂತ ಲೆಕ್ಕ ಹಾಕುವಾಗ ಇದನ್ನು ಮತ್ತೆ ಸೇರಿಸಬೇಡಿ. ಪಂಚ್ ಸರಿಯಾಗಿದ್ದರೆ ಆ ಜಾಗದ ಪ್ರೈವೇಟ್ ಪೇಜ್ ವಾಪಸ್ ಬಂದಿರುತ್ತದೆ.

ದುಡ್ಡಿನ ಕಥೆ ಕೇಳಿದರೆ, ಆರು ತಿಂಗಳ ಬಾಡಿಗೆ ಕೂಡಿಸಿದಾಗ ಸೆಕೆಂಡ್ ಹ್ಯಾಂಡ್ ಮಿಲಾನ್ ಸರ್ವರ್ ಒಂದರ ಅರ್ಧ ಬೆಲೆ ದಾಟಿತ್ತು. ಅದರಲ್ಲಿ ಒಂದು ವಾರಾಂತ್ಯ ಮೆಷಿನ್ ಆಫ್ ಮಾಡಲು ಮರೆತದ್ದೂ ಸೇರಿದೆ. ಮೊದಲೇ ಕೊಂಡಿದ್ದರೆ ಪ್ಯಾನಿಕ್ ಆದಾಗಲೆಲ್ಲ ಗಡಿಯಾರ ನೋಡುವುದಾದರೂ ತಪ್ಪುತ್ತಿತ್ತು.

ಪಿನ್ ಮಾಡಿ ಕೂರಿಸು ಅಂದಿದ್ದ ಹಿರಿಯರು ಹೋದ ವಾರ ಪ್ಯಾಚ್ ಕೇಳಿದರು, ಕೊಟ್ಟೆ. ಅವರು ಅದನ್ನು ವಿಎಂ ಏಳಿಸಿ ಬೀಳಿಸುವ ಲೂಪ್‌ಗೆ ಹಾಕಿ ಇನ್ನೂರು ಸಲ ಓಡಿಸಿದ್ದಾರೆ. ಎರಡು ಪೇಜ್ ವಾಪಸ್ ಬಂದಿಲ್ಲ. ಆರ್‌ಎಂಪಿಯಲ್ಲಿ ಶೇರ್ಡ್‌ಗೆ ತಿರುಗಿಸಲಾಗದ ಪೇಜನ್ನು ಕರ್ನಲ್ ಬೇಕೆಂತಲೇ ಬದಿಗಿಡುತ್ತದೆ, ಬೇರೆಯವರ ಕೈಗೆ ಕೊಟ್ಟು ಹೋಸ್ಟ್ ಬೀಳಿಸುವುದಕ್ಕಿಂತ ಅದು ಮೇಲು ಅಂತ. ಹಾಗಾಗಿ ಏನೂ ಕುಸಿಯುವುದಿಲ್ಲ, ಲಾಗಿನಲ್ಲಿ ಒಂದು ಸಾಲು ಬರುತ್ತದೆ ಅಷ್ಟೇ. 8 ಕೆಬಿ ಹೋದರೇನು ಅಂದೆ. ಅವರು ಬಿಡಲಿಲ್ಲ. ಎರಡೂ ಪೇಜ್ ನನ್ನ ಪೂಲ್‌ನವೇ, ಎರಡೂ 2 ಎಂಬಿ ತುಂಡಿನ ಕೊನೆಯ ಪೇಜ್. ಈಗ ಅದನ್ನೇ ಹುಡುಕುತ್ತಿದ್ದೇನೆ.