ಸೊರಗಿದ ಮೈಯ ಕರುಳು ಕೂಡಬೇಕಾದರೆ

ಟೈಫಾಯ್ಡ್‌ನಿಂದ ಸಣ್ಣ ಕರುಳು ತೂತಾಗಿ ಬರುವವರು ಎಷ್ಟೋ ದಿನ ಜ್ವರದಲ್ಲಿ ಬರೀ ಗಂಜಿ ತಿಳಿ ಕುಡಿದವರು. ಅವರ ತೂತು ಹೊಲಿಯುವುದು ಸುಲಭ, ಹೊಲಿದದ್ದು ನಿಲ್ಲುವುದೇ ಕಷ್ಟ. ಕರುಳಿನಲ್ಲಿ ದಾರಕ್ಕೆ ಹಿಡಿತ ಕೊಡುವುದು ಸಬ್‌ಮ್ಯೂಕೋಸಾದ (ಒಳಪದರದ ಕೆಳಗಿನ ಪದರ) ಕೊಲಾಜೆನ್ ಎಂಬ ಪ್ರೋಟೀನ್ ನಾರು. ಮೊದಲ ಮೂರ್ನಾಲ್ಕು ದಿನ ಗಾಯದ ಅಂಚಿನ ಹಳೆಯ ಕೊಲಾಜೆನ್ ಕರಗುತ್ತಿರುತ್ತದೆ, ಹೊಸದು ಇನ್ನೂ ಬಲಿತಿರುವುದಿಲ್ಲ. ಪ್ರೋಟೀನ್, ವಿಟಮಿನ್ ಸಿ, ಸತು ಇಲ್ಲದ ಮೈಯಲ್ಲಿ ಅದು ಬಲಿಯುವುದೂ ತಡ. ಐದನೇ ದಿನದ ಹೊತ್ತಿಗೆ ನಾಡಿ ಏರಿ ಹೊಟ್ಟೆ ಉಬ್ಬಿದರೆ ಸೋರಿಕೆ ಎಂದೇ ಹುಡುಕುತ್ತೇವೆ.

ಕ್ಷಯದಿಂದ ಕರುಳು ಕಿರಿದಾದಾಗ (ಸ್ಟ್ರಿಕ್ಚರ್) ಮಾಡುವಂಥ ಆಪರೇಷನ್‌ಗೆ ಅವಸರವಿಲ್ಲದಿದ್ದರೆ, ಆರು ತಿಂಗಳಲ್ಲಿ ತೂಕ ಶೇ 10ಕ್ಕಿಂತ ಹೆಚ್ಚು ಇಳಿದವರಿಗೆ 7ರಿಂದ 14 ದಿನ ಉಣಿಸಿ ಆಮೇಲೆ ಕೈಹಾಕುತ್ತೇವೆ. ರಕ್ತದ ಪ್ರೋಟೀನ್ ಆದ ಆಲ್ಬುಮಿನ್ ಒಂದನ್ನೇ ನೋಡಿ ತೀರ್ಮಾನಿಸುವುದಿಲ್ಲ; ಸೋಂಕಿದ್ದರೂ ಅದು ಇಳಿಯುತ್ತದೆ. ಕರುಳು ತೂತಾದವರಿಗೆ ಕಾಯುವ ಮಾತಿಲ್ಲ. ಹೊಟ್ಟೆ ತುಂಬ ಕೀವು, ಬಿಪಿ ನಿಲ್ಲುತ್ತಿಲ್ಲ, ಮೈಯಲ್ಲಿ ಮಾಂಸವಿಲ್ಲ ಎಂದಾದರೆ ಜೋಡಿಸುವ ಹಟ ಬಿಟ್ಟು ಇಲಿಯೋಸ್ಟಮಿ (ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಅಂಟಿಸುವುದು) ಮಾಡುವುದೇ ಜಾಣತನ.

ಬಿಪಿ ಸ್ಥಿರವಾದ ಮೇಲೆ, 24–48 ಗಂಟೆಯೊಳಗೆ ಟ್ಯೂಬ್‌ನಲ್ಲಿ ಗಂಟೆಗೆ 20 ಮಿ.ಲೀ. ಆಹಾರ ಶುರು. ಒಳಗೆ ಹರಿಯುವ ಆಹಾರದಿಂದಲೇ ಕರುಳಿನ ಒಳಪದರ ತನ್ನ ಪಾಲು ಹೀರುತ್ತದೆ. ಕರುಳು ಖಾಲಿ ಬಿದ್ದರೆ ವಿಲ್ಲೈ (ಆಹಾರ ಹೀರುವ ಬೆರಳಿನಂಥ ಸಣ್ಣ ಎಳೆಗಳು) ಕುಗ್ಗುತ್ತವೆ. ‘ಡ್ರಿಪ್ ಹೋಗ್ತಿದೆಯಲ್ಲ’ ಎಂಬ ಸಮಾಧಾನ ಸುಳ್ಳು: ಒಂದು ಲೀಟರ್ 5% ಡೆಕ್ಸ್‌ಟ್ರೋಸ್‌ನಲ್ಲಿ ಇರುವುದು 50 ಗ್ರಾಂ ಸಕ್ಕರೆ, ಪ್ರೋಟೀನ್ ಸೊನ್ನೆ.

ಹಾಗೆಂದು ಒಮ್ಮೆಗೇ ಸುರಿಯಬಾರದು. ತೀರಾ ಸೊರಗಿದವರಿಗೆ ದಿಢೀರ್ ಕ್ಯಾಲರಿ ಸಿಕ್ಕರೆ ಇನ್ಸುಲಿನ್ ಏರಿ, ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ನುಗ್ಗುತ್ತವೆ. ಹೃದಯದ ಬಡಿತ ತಪ್ಪುವುದು ಆಗಲೇ. ಮೊದಲು ಥಯಾಮಿನ್ (ವಿಟಮಿನ್ ಬಿ1), ದಿನಕ್ಕೆ 200–300 ಮಿ.ಗ್ರಾಂ. ಬಳಿಕ 40 ಕೆ.ಜಿ. ತೂಕದವರಿಗೆ ಮೊದಲ ದಿನ 400 ಕ್ಯಾಲರಿ. ಈ ಮೂರು ಲವಣಗಳನ್ನು ದಿನವೂ ನೋಡುತ್ತ, 4–7 ದಿನಗಳಲ್ಲಿ 1,000–1,200ಕ್ಕೆ. ಪ್ರೋಟೀನ್ ಗುರಿ 50–60 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ, ಲೆಕ್ಕ ಹಾಕಿಕೊಳ್ಳಿ.

ಸ್ಟೋಮಾ (ಹೊಟ್ಟೆಯ ಮೇಲೆ ತೆರೆದ ಕರುಳಿನ ಬಾಯಿ) ಜಾಸ್ತಿ ಹರಿಯತೊಡಗಿದರೆ ಮನೆಯವರು ಎಳನೀರು ತರುತ್ತಾರೆ. ಅದರಲ್ಲಿ ಸೋಡಿಯಂ ಕಡಿಮೆ. ಬರೀ ನೀರಿನಂತೆ ಅದೂ ಕರುಳಿನಿಂದ ಉಪ್ಪನ್ನು ಎಳೆದುಕೊಂಡು ಹೊರಬೀಳುತ್ತದೆ, ಚೀಲ ಇನ್ನಷ್ಟು ತುಂಬುತ್ತದೆ. ಬದಲಿಗೆ ಒಂದು ಲೀಟರ್ ನೀರಿಗೆ ಉಪ್ಪು 3.5 ಗ್ರಾಂ, ಗ್ಲೂಕೋಸ್ 20 ಗ್ರಾಂ, ಅಡುಗೆ ಸೋಡಾ 2.5 ಗ್ರಾಂ ಬೆರೆಸಿ ದಿನವಿಡೀ ಗುಟುಕು ಗುಟುಕಾಗಿ ಕುಡಿಸುತ್ತೇವೆ. ಅಳತೆಗೆ ಚಮಚ ಬೇಡ, ತಕ್ಕಡಿ ಬೇಕು.